ನಗಿಸಿದ ನಟನಿಗೆ ಅಂಕ ಹಾಕುವುದು ಹೇಗೆ: ಕೊಡಗಿನ ಕಿರುಚಿತ್ರ ಸ್ಪರ್ಧೆಗಳ ತೀರ್ಪುಗಾರರಿಗೆ

ಮಡಿಕೇರಿ ದಸರೆಯ ಮೆರವಣಿಗೆಯಲ್ಲಿ ಸ್ಪರ್ಧಿಸುವ ದಶಮಂಟಪಗಳ (ಹತ್ತು ದೇವಾಲಯಗಳ ಮಂಟಪಗಳ) ಬಹುಮಾನ ಘೋಷಣೆಯಾದ ಮೇಲೆ ಊರಿನ ಹೋಟೆಲುಗಳಲ್ಲಿ ನಡೆಯುವ ವಾದಕ್ಕೆ ಒಮ್ಮೆ ಕಿವಿಗೊಟ್ಟರೆ ತೀರ್ಪುಗಾರಿಕೆಯ ಅರ್ಧ ಪಾಠ ಆದಂತೆ. ತಮ್ಮ ಮಂಟಪ ಸೋತರೆ ಜನ ಬೇಸರಪಡುತ್ತಾರೆ, ಸರಿ. ಸಿಟ್ಟಿಗೇಳುವುದು ಮಾತ್ರ ಯಾವ ಲೆಕ್ಕದಲ್ಲಿ ಸೋಲಿಸಿದರು ಎಂದು ತಿಳಿಯದಿದ್ದಾಗ. ಕಿರುಚಿತ್ರ ಸ್ಪರ್ಧೆಗಳಲ್ಲಿ ಈ ಲೆಕ್ಕ ಕೆಡುವುದು ಅಭಿನಯದ ಬಹುಮಾನದಲ್ಲಿ, ಅದರಲ್ಲೂ ಎದುರಿಗೆ ಹಾಸ್ಯದ ಪಾತ್ರ ಬಂದಾಗ. ಸಭಾಂಗಣ ಬಿದ್ದು ಬಿದ್ದು ನಕ್ಕಿರುತ್ತದೆ, ಅತ್ಯುತ್ತಮ ನಟ ಫಲಕ ಮಾತ್ರ ಕೊನೆಯ ದೃಶ್ಯದಲ್ಲಿ ಅತ್ತವನ ಕೈಗೆ ಹೋಗಿರುತ್ತದೆ. ನಗಿಸಿದವನಿಗೆ ‘ಪ್ರೇಕ್ಷಕರು ಮೆಚ್ಚಿದ ನಟ’ ಎಂಬ ಸಮಾಧಾನ.

ಹಾಸ್ಯಾಭಿನಯಕ್ಕೆ ಮುಖ್ಯ ಪ್ರಶಸ್ತಿ ಸಲ್ಲಬೇಕು ಎಂಬುದು ಈ ಬರಹದ ನಿಲುವು. ಕನಿಕರದಿಂದ ಅಲ್ಲ, ನಗುವಿನ ಸದ್ದಿನ ಅಳತೆಯಿಂದಲೂ ಅಲ್ಲ. ಅಳುವ ನಟನನ್ನು ಅಳೆಯುವ ಅದೇ ಅಂಕಪಟ್ಟಿಯಲ್ಲಿ ಅಳೆದು ಕೊಡಬೇಕು. ಕೊಡವ ಸಮಾಜಗಳು, ಕಾಲೇಜುಗಳು, ಯುವಕ ಸಂಘಗಳು ನಡೆಸುವ ಸ್ಪರ್ಧೆಗೆ ಹೊಂದುವ ಹಾಗೆ ಆ ಕ್ರಮ ಇಲ್ಲಿದೆ.

ದೊಡ್ಡ ಪ್ರಶಸ್ತಿಗಳು ಎಲ್ಲಿ ಎಡವಿವೆ

ತೀರ್ಪುಗಾರರ ಮೊದಲ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೇ ಇಡಿ. ಪೂರ್ವಗ್ರಹ ತನ್ನಲ್ಲಿದೆ ಎಂದು ಯಾರೂ ಒಪ್ಪುವುದಿಲ್ಲ. ಬೇರೆಯವರಲ್ಲಿ ಕಂಡರೆ ಬೇಗ ಅರ್ಥವಾಗುತ್ತದೆ.

1929ರಲ್ಲಿ ನಡೆದ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಚಾರ್ಲಿ ಚಾಪ್ಲಿನ್ ಅವರನ್ನು ಸ್ಪರ್ಧೆಯ ಪಟ್ಟಿಯಿಂದ ತೆಗೆದು ವಿಶೇಷ ಗೌರವವೊಂದನ್ನು ಕೊಟ್ಟರು. 1972ರಲ್ಲಿ ಮತ್ತೊಂದು ಗೌರವ ಪ್ರಶಸ್ತಿ. ಸ್ಪರ್ಧೆಯಲ್ಲಿ ಗೆದ್ದು ಅವರಿಗೆ ಸಿಕ್ಕಿದ ಒಂದೇ ಆಸ್ಕರ್ 1973ರದ್ದು, ಅದೂ ಸಂಗೀತಕ್ಕೆ. ಜಗತ್ತನ್ನು ನಗಿಸಿದ ನಟನಿಗೆ ನಟನೆಯ ಆಸ್ಕರ್ ಇಲ್ಲ. ಹಾಸ್ಯಕ್ಕೆ ಹೆಸರಾದ ಕೇರಿ ಗ್ರಾಂಟ್ ಎರಡು ಸಲ ನಾಮನಿರ್ದೇಶನಗೊಂಡರು. ಎರಡೂ ಕಣ್ಣೀರಿನ ಪಾತ್ರಗಳು. 1988ರ ಚಿತ್ರಕ್ಕೆ ಕೆವಿನ್ ಕ್ಲೈನ್, 1992ರ ಚಿತ್ರಕ್ಕೆ ಮರೀಸಾ ಟೋಮೆ ಅಪ್ಪಟ ಹಾಸ್ಯಕ್ಕೇ ಗೆದ್ದದ್ದುಂಟು, ಆದರೆ ಇಬ್ಬರಿಗೂ ಸಿಕ್ಕಿದ್ದು ಪೋಷಕ ಪಾತ್ರದ ಪ್ರಶಸ್ತಿ.

ನಮ್ಮ ಕಡೆಯ ಕಥೆ ಇನ್ನೂ ಸ್ಪಷ್ಟ. ಕನ್ನಡ ಮನೆಮಾತಿನ ಕುಟುಂಬದಿಂದ ಬಂದು ತಮಿಳರನ್ನು ದಶಕಗಟ್ಟಲೆ ನಗಿಸಿದ ನಾಗೇಶ್ ಅವರಿಗೆ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂದದ್ದು 1994ರ ಚಿತ್ರದಲ್ಲಿ ಮಗಳನ್ನು ಕಳೆದುಕೊಂಡ ತಂದೆಯಾಗಿ. ಕುಟ್ಟ, ಮಾಕುಟ್ಟ ದಾಟಿದರೆ ಕೇರಳ. ಅಲ್ಲಿನ ಸಲೀಂ ಕುಮಾರ್, ಸುರಾಜ್ ವೆಂಞಾರಮ್ಮೂಡ್ ಇಬ್ಬರ ಹಾಸ್ಯವೂ ಕೊಡಗಿನ ಮನೆಗಳಲ್ಲಿ ಪರಿಚಿತ. ಇಬ್ಬರಿಗೂ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು, 2010 ಮತ್ತು 2013ರ ಸಾಲಿನಲ್ಲಿ. ಇಬ್ಬರಿಗೂ ಗಂಭೀರ ಪಾತ್ರಕ್ಕೆ. ಆ ಅಭಿನಯಗಳು ದೊಡ್ಡವೇ, ಅದರಲ್ಲಿ ತಕರಾರಿಲ್ಲ. ಆದರೆ ‘ಇವನಿಗೆ ನಟನೆಯೂ ಬರುತ್ತದೆ’ ಎಂದು ಗೊತ್ತಾಗಲು ಹಾಸ್ಯನಟ ಹಾಸ್ಯ ಬಿಡಬೇಕಾಯಿತು ಎಂಬುದನ್ನು ತೀರ್ಪುಗಾರರು ಗಮನಿಸಬೇಕು.

ವಿಭಾಗ ಮಾಡುವಾಗ

‘ಅತ್ಯುತ್ತಮ ಹಾಸ್ಯನಟ’ ಎಂಬ ಬೇರೆ ಬಹುಮಾನ ಇಡಬೇಡಿ. ಇಟ್ಟರೆ ಏನಾಗುತ್ತದೆಂದರೆ, ಮುಖ್ಯ ಪ್ರಶಸ್ತಿಯ ಚರ್ಚೆಗೆ ಹಾಸ್ಯದ ಹೆಸರು ಬಂದೊಡನೆ ಯಾರಾದರೂ ಒಬ್ಬರು ‘ಅವರಿಗೆ ಹೇಗೂ ಅದು ಇದೆಯಲ್ಲ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಫಿಲ್ಮ್‌ಫೇರ್ 1967ರಿಂದ 2007ರವರೆಗೆ ಹಾಸ್ಯ ಪಾತ್ರಕ್ಕೆ ಪ್ರತ್ಯೇಕ ಪ್ರಶಸ್ತಿ ಕೊಟ್ಟಿತು, ಮೊದಲ ಸಲ ಗೆದ್ದವರು ಮೆಹಮೂದ್. ಆಮೇಲೆ ಆ ವಿಭಾಗವೇ ಹೋಯಿತು. ಬೇಲಿ ಹಾಕಿ ಕೊಟ್ಟ ಜಾಗ ಒಂದು ದಿನ ಬೇಲಿ ಸಮೇತ ಹೋಗಬಹುದು. ಗೋಲ್ಡನ್ ಗ್ಲೋಬ್‌ನವರು ಗಂಭೀರ ಚಿತ್ರಕ್ಕೊಂದು, ಸಂಗೀತ ಮತ್ತು ಹಾಸ್ಯ ಚಿತ್ರಕ್ಕೊಂದು ಎಂದು ಮುಖ್ಯ ನಟನ ಪ್ರಶಸ್ತಿಯನ್ನೇ ಎರಡು ಮಾಡಿದ್ದಾರೆ. ಅದು ಗೌರವದ ದಾರಿ, ಆದರೆ ಮೂವತ್ತು ನಲವತ್ತು ಚಿತ್ರ ಬಂದರಷ್ಟೇ ನಡೆಯುತ್ತದೆ. ಹನ್ನೆರಡು ಚಿತ್ರದ ಸ್ಪರ್ಧೆಯಲ್ಲಿ ಎರಡು ಭಾಗ ಮಾಡಿದರೆ ಒಂದರಲ್ಲಿ ಸ್ಪರ್ಧೆಯೇ ಇರುವುದಿಲ್ಲ.

ಮುಖ್ಯ ಪಾತ್ರ ಯಾವುದು, ಪೋಷಕ ಪಾತ್ರ ಯಾವುದು ಎಂಬುದನ್ನು ಸ್ಪರ್ಧಿಗಳ ಅರ್ಜಿಗೆ ಬಿಡಬೇಡಿ. ನಗಿಸುವವರನ್ನು ನಿರ್ದೇಶಕರೇ ಅಭ್ಯಾಸಬಲದಿಂದ ಪೋಷಕ ಪಟ್ಟಿಗೆ ತಳ್ಳಿರುತ್ತಾರೆ. ಸ್ಟಾಪ್‌ವಾಚ್ ಹಿಡಿದು ಪಾತ್ರ ತೆರೆಯ ಮೇಲಿರುವ ಸಮಯ ಅಳೆಯಿರಿ, ಕಥೆ ತಿರುಗುವುದು ಯಾರ ನಿರ್ಧಾರದಿಂದ ಎಂದು ನೋಡಿ. 20 ನಿಮಿಷದ ಚಿತ್ರದಲ್ಲಿ ಒಬ್ಬ 9 ನಿಮಿಷ ಇದ್ದು, ಅವನ ಸುಳ್ಳಿನಿಂದಲೇ ಕಥೆ ಓಡುತ್ತಿದ್ದರೆ ಅವನೇ ಮುಖ್ಯ ಪಾತ್ರ, ಪೋಸ್ಟರಿನಲ್ಲಿ ಯಾರ ಮುಖ ದೊಡ್ಡದಿದ್ದರೂ.

ತೀರ್ಪುಗಾರರು ಯಾರು

ಐದು ಜನ ಸಾಕು, ಮೂರಕ್ಕಿಂತ ಕಡಿಮೆ ಬೇಡ, ಸಂಖ್ಯೆ ಬೆಸವಾಗಿರಲಿ. ಕೊಡಗಿನಲ್ಲಿ ಎರಡು ತೊಡಕು ವಿಶೇಷ. ಒಂದು ಭಾಷೆ. ಒಂದೇ ಸಂಜೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಬ್ಯಾರಿ ಚಿತ್ರಗಳು ಬರಬಹುದು. ಅಳು ಭಾಷೆ ದಾಟಿ ಹೋಗುತ್ತದೆ, ನಗು ಗಡಿಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಕೊಡವ ತಕ್ಕ್ ಮತ್ತು ಅರೆಭಾಷೆಯನ್ನು ಮನೆಮಾತಾಗಿ ಆಡುವವರು ಒಬ್ಬೊಬ್ಬರಾದರೂ ಇರಲೇಬೇಕು. ಬಂದ ಚಿತ್ರಗಳ ಪ್ರಕಾರ ಉಳಿದ ಭಾಷೆಯವರನ್ನು ಸೇರಿಸಿ. ಎರಡನೆಯದು ನೆಂಟಸ್ತಿಕೆ. ಇಲ್ಲಿ ಯಾರೂ ಯಾರಿಗೂ ಪೂರ್ತಿ ಹೊರಗಿನವರಲ್ಲ. ಅದೇ ಒಕ್ಕದವರು (ಒಂದೇ ಮನೆತನದವರು), ಮದುವೆಯ ಸಂಬಂಧದವರು, ಕಲಿಸಿದ ಮೇಷ್ಟ್ರು, ಒಂದೇ ತಂಡದಲ್ಲಿ ನಾಟಕ ಆಡಿದವರು ಆ ಚಿತ್ರದ ಮಟ್ಟಿಗೆ ಅಂಕ ಹಾಕದೆ ಕುಳಿತುಕೊಳ್ಳಬೇಕು ಎಂದು ಮೊದಲೇ ಬರೆದು ಸಹಿ ಹಾಕಿಸಿ. ಪರಿಚಿತ ಮುಖ ತೆರೆಗೆ ಬಂದ ಕೂಡಲೆ ನಗು ಬರುವುದು ಸಹಜ. ಅದು ನಟನೆಗೆ ಬಂದ ನಗು ಅಲ್ಲ, ‘ಅಯ್ಯೋ ನಮ್ಮ ಬೋಪಣ್ಣ!’ ಎಂಬ ನಗು.

ದಿನ, ಹಾಲ್, ಚಿತ್ರಗಳ ಸರದಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಚಾವಣಿಯ ಹಾಲ್‌ನಲ್ಲಿ ಪ್ರದರ್ಶನ ಇಟ್ಟರೆ ಹಾಸ್ಯ ಸಾಯುತ್ತದೆ. ಅಳುವ ದೃಶ್ಯಕ್ಕೆ ಮಳೆಯ ಸದ್ದು ಹಿನ್ನೆಲೆ ಸಂಗೀತದ ಹಾಗೆ ಒದಗಿದರೂ ಒದಗೀತು. ಹಾಸ್ಯದಲ್ಲಿ ಒಂದು ಪದ ಕೇಳಿಸದಿದ್ದರೆ ಇಡೀ ಮಾತು ಹೋಯಿತು. ಮಳೆಗಾಲ ತಪ್ಪಿಸಲಾಗದಿದ್ದರೆ ಕಾಂಕ್ರೀಟ್ ಚಾವಣಿಯ ಹಾಲ್ ಹಿಡಿಯಿರಿ. ಡಿಸೆಂಬರ್‌ನಿಂದ ಫೆಬ್ರವರಿಯ ತನಕ ಕಾಫಿ ಕುಯ್ಲು, ಜನ ಬರುವುದಿಲ್ಲ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೂ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೂ ನಡುವಿನ ವಾರಗಳು ಅಥವಾ ಏಪ್ರಿಲ್ ಅನುಕೂಲ. ಕರೆಂಟು ಹೋಗುವುದು ಗ್ಯಾರಂಟಿ ಎಂದುಕೊಂಡು ಪ್ರೊಜೆಕ್ಟರಿಗೂ ಸ್ಪೀಕರಿಗೂ ಯುಪಿಎಸ್ ಇಡಿ: ಮಾತಿನ ನಡುವೆ ನಿಂತುಹೋದ ಹಾಸ್ಯ ದೃಶ್ಯವನ್ನು ಹಿಂದಕ್ಕೆ ಹೋಗಿ ಮತ್ತೆ ಹಾಕಿದರೆ ಮೊದಲಿನ ನಗು ಬಾರದು. ಹಾಗಾದ ಚಿತ್ರವನ್ನು ಆ ದಿನದ ಕೊನೆಗೆ ಮೊದಲಿಂದ ತೋರಿಸುವುದು ನ್ಯಾಯ.

ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಬೆಳಿಗ್ಗೆ ಹತ್ತಕ್ಕೆ, ಅರ್ಧ ತುಂಬಿದ ಹಾಲ್‌ನಲ್ಲಿ ಮೊದಲು ಬರುವ ಹಾಸ್ಯಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ಮೂರು ಸಾವಿನ ಚಿತ್ರಗಳ ಹಿಂದೆ ಬಂದ ಹಾಸ್ಯಕ್ಕೆ ಜನ ಉಸಿರು ಬಿಡುವ ಸಲುವಾಗಿಯೇ ನಗುತ್ತಾರೆ. ಚೀಟಿ ಎತ್ತಿದ ಮೇಲೂ ಮೊದಲ ಜಾಗ ಹಾಸ್ಯಕ್ಕೆ ಬಿದ್ದರೆ ಸ್ಪರ್ಧೆಯಲ್ಲಿಲ್ಲದ ಐದು ನಿಮಿಷದ ಏನನ್ನಾದರೂ ಮೊದಲು ಹಾಕಿ. ಒಂದು ಕೂರುವಿಕೆಗೆ ಆರು ಚಿತ್ರ, ಎರಡು ಗಂಟೆ. ಅದಕ್ಕೂ ಹೆಚ್ಚಾದರೆ ತೀರ್ಪುಗಾರರ ಕಣ್ಣು ನಂಬುವ ಹಾಗಿಲ್ಲ.

ಸಬ್‌ಟೈಟಲ್ ಬಗ್ಗೆ ಸ್ಪರ್ಧೆಯ ನಿಯಮದಲ್ಲೇ ಒಂದು ಸಾಲು ಬರೆಯಿರಿ. ಪೀಠಿಕೆಯ ಮಾತು, ನಗಿಸುವ ಮಾತು ಎರಡೂ ಒಂದೇ ಕಾರ್ಡಿನಲ್ಲಿದ್ದರೆ ಪ್ರೇಕ್ಷಕ ಓದಿ ನಕ್ಕು ಮುಗಿಸಿರುತ್ತಾನೆ, ತೆರೆಯ ಮೇಲೆ ನಟ ಇನ್ನೂ ಬಾಯಿ ತೆರೆದಿರುವುದಿಲ್ಲ. ನಟ ಎರಡು ಸೆಕೆಂಡು ತಡೆದು ನಿಂತದ್ದೆಲ್ಲ ನೀರಿಗೆ. ನಗಿಸುವ ಮಾತಿಗೆ ಬೇರೆ ಕಾರ್ಡ್, ಅದು ನಟ ಆ ಮಾತು ಎತ್ತಿದಾಗಲೇ ಬರಬೇಕು.

ಮೂರು ಸಲ ನೋಡಿ

ಮೊದಲ ಸಲ ಜನರ ನಡುವೆ, ಪೆನ್ನು ಜೇಬಿನಲ್ಲಿ. ಮೊಬೈಲೂ ಅಲ್ಲೇ. ಬರೆಯಲು ತಲೆ ಬಗ್ಗಿಸಿದ ಒಂದು ಸೆಕೆಂಡಿನಲ್ಲಿ ಮುಖದ ಒಂದು ಚಲನೆ ತಪ್ಪಿಹೋಗುತ್ತದೆ, ಹಾಸ್ಯದಲ್ಲಿ ಅದೇ ದೃಶ್ಯದ ಪ್ರಾಣವಾಗಿರಬಹುದು. ದೀಪ ಹತ್ತಿದ ಮೇಲೆ ಚಿತ್ರಕ್ಕೆ ಮೂರು ಸಾಲು: ಎಲ್ಲಿ ನಕ್ಕೆ, ಏಕೆ ನಕ್ಕೆ ಅನ್ನಿಸಿತು, ಎಲ್ಲಿ ಬೇಸರ ಬಂತು. ಈ ಸಾಲುಗಳನ್ನು ಕಳೆಯಬೇಡಿ, ಏಕೆಂದರೆ ಎರಡನೇ ಸಲ ನೋಡುವಾಗ ಅನಿರೀಕ್ಷಿತ ಎಂಬುದು ಉಳಿದಿರುವುದಿಲ್ಲ. ‘ಮೊದಲು ಚೆನ್ನಾಗಿತ್ತು, ಈಗ ಸಪ್ಪೆ’ ಎಂದು ಹಾಸ್ಯದ ಅಂಕ ಇಳಿಯುವುದು ಈ ಹಂತದಲ್ಲೇ. ಸಪ್ಪೆಯಾದದ್ದು ಜೋಕು. ನಟನೆ ಹಾಗೆಯೇ ಇದೆ.

ಎರಡನೇ ಸಲ ತೀರ್ಪುಗಾರರು ಮಾತ್ರ, ರಿಮೋಟ್ ಹಿಡಿದು, ನಿಲ್ಲಿಸಿ ನಿಲ್ಲಿಸಿ. ಭಾಷೆ ಬಲ್ಲವರು ಸಬ್‌ಟೈಟಲ್ ಇಲ್ಲದೆ ನೋಡಲಿ. ಇಲ್ಲಿ ಹುಡುಕಬೇಕಾದದ್ದು ಕತ್ತರಿ ಬೀಳದ ಶಾಟ್‌ಗಳು. 10 ಸೆಕೆಂಡಿಗೂ ಉದ್ದದ, ಇಬ್ಬರೂ ಕಾಣುವ ಶಾಟ್‌ನಲ್ಲಿ ನಗು ಹುಟ್ಟಿದ್ದರೆ ಟೈಮಿಂಗ್ ನಟನದ್ದು. ಪ್ರತಿ ನಗುವೂ ಶಾಟ್ ಬದಲಾಗುವ ಜಾಗದಲ್ಲೇ ಬರುತ್ತಿದ್ದರೆ ಅದು ಎಡಿಟರ್ ಕೆಲಸ: ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 12 ಫ್ರೇಮ್ ಆಚೀಚೆ ಮಾಡಿದರೆ ಅರ್ಧ ಸೆಕೆಂಡು, ಅಷ್ಟರಲ್ಲಿ ಸಪ್ಪೆ ಮಾತೂ ನಗೆಯಾಗುತ್ತದೆ, ನಗೆಯೂ ಸಪ್ಪೆಯಾಗುತ್ತದೆ. ಅನುಮಾನ ಉಳಿದರೆ ಕೊನೆಯ ಸುತ್ತಿಗೆ ಬಂದ ಮೂವರಿಂದ ಎಡಿಟ್ ಆಗದ ಒಂದು ಟೇಕ್ ತರಿಸಿಕೊಳ್ಳಿ, 60ರಿಂದ 90 ಸೆಕೆಂಡು. ಗಂಭೀರ ನಟರಿಂದಲೂ ತರಿಸಿ. ಅಳುವಿನ ದೃಶ್ಯಗಳೂ ಎಡಿಟಿಂಗ್‌ನಲ್ಲಿ ಎಷ್ಟು ಬದುಕಿಕೊಂಡಿವೆ ಎಂದು ಆಗ ಗೊತ್ತಾಗುತ್ತದೆ.

ಮೂರನೇ ಸಲ ತಕರಾರಿನ ದೃಶ್ಯಗಳು ಮಾತ್ರ, ಸದ್ದು ಪೂರ್ತಿ ಆರಿಸಿ. ಕಿರುಚಿತ್ರಗಳಿಗೆ ಟಿವಿಯಿಂದ ಅಂಟಿದ ರೋಗವೆಂದರೆ ಪ್ರತಿ ಮಾತಿಗೂ ಒಂದು ‘ಟೊಂಯ್’. ಅದನ್ನು ತೆಗೆದ ಮೇಲೆ ಮುಖದಲ್ಲಿ, ಕೈಯಲ್ಲಿ, ನಿಂತ ರೀತಿಯಲ್ಲಿ ಏನಾದರೂ ಉಳಿದಿದೆಯೇ? ಡಬ್ಬಿಂಗ್ ಮಾಡಿದ ಚಿತ್ರವಾದರೆ ದನಿ ಯಾರದ್ದು ಎಂದು ಅರ್ಜಿಯಲ್ಲೇ ಕೇಳಿರಬೇಕು. ಬೇರೆಯವರ ದನಿಯಾದರೆ ದನಿಯ ಅಂಕ ನಟನಿಗಿಲ್ಲ.

ಏನನ್ನು ನೋಡಬೇಕು

ಅಂಕ 100. ಪಾತ್ರದ ನಿಜಕ್ಕೆ 25, ಟೈಮಿಂಗಿಗೆ 25, ಎದುರಿನವರ ಮಾತು ಕೇಳಿಸಿಕೊಳ್ಳುವುದಕ್ಕೆ 20, ದೇಹ ಮತ್ತು ದನಿಗೆ 15, ಕೊನೆಯವರೆಗಿನ ಬೆಳವಣಿಗೆಗೆ 15. ಸಭಿಕರ ನಗುವಿಗೆ ಸೊನ್ನೆ. ಇದೇ ಪಟ್ಟಿ ಅಳುವ ಪಾತ್ರಕ್ಕೂ. ಅಲ್ಲಿ ಕಣ್ಣೀರಿಗೆ ಸೊನ್ನೆ.

ಪಾತ್ರದ ನಿಜ ಅಂದರೇನು ಎಂಬಲ್ಲಿ ಹೆಚ್ಚಿನ ತೀರ್ಪುಗಾರರು ತಡವರಿಸುತ್ತಾರೆ, ಒಂದು ದೃಶ್ಯ ಇಟ್ಟುಕೊಂಡೇ ನೋಡೋಣ. ಮದುವೆಗೆಂದು ದೂರದ ಭಾವನಿಂದ ಕುಪ್ಯ (ಕೊಡವ ಗಂಡಸರ ಉದ್ದ ಅಂಗಿ), ಚೇಲೆ (ಅದರ ಮೇಲೆ ಸೊಂಟಕ್ಕೆ ಸುತ್ತುವ ಪಟ್ಟಿ) ಎರವಲು ತಂದವನೊಬ್ಬ ಚೇಲೆಯ ಮೇಲೆ ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಎಣ್ಣೆ ಚೆಲ್ಲಿಕೊಂಡಿದ್ದಾನೆ. ಅದೇ ಮದುವೆಗೆ ಆ ಭಾವನೂ ಬಂದಿದ್ದಾನೆ. ಕೆಟ್ಟ ನಟ ಕಲೆಯನ್ನು ನೋಡಿ ಕಣ್ಣರಳಿಸುತ್ತಾನೆ, ಭಾವನನ್ನು ನೋಡಿ ಮತ್ತೊಮ್ಮೆ ಅರಳಿಸುತ್ತಾನೆ, ಕ್ಯಾಮೆರಾ ಕಡೆ ಒಂದು ಕಳ್ಳನೋಟ ಬೀರುತ್ತಾನೆ: ನೋಡಿ, ನಾನು ತಮಾಷೆ ಮಾಡುತ್ತಿದ್ದೇನೆ. ಒಳ್ಳೆಯ ನಟನಿಗೆ ಇದು ತಮಾಷೆಯೇ ಅಲ್ಲ, ಮರ್ಯಾದೆಯ ಪ್ರಶ್ನೆ. ಕಲೆಯ ಮೇಲೆ ಅಂಗೈ ಇಟ್ಟು ಹಿರಿಯರ ಗಾಂಭೀರ್ಯದಲ್ಲಿ ನಿಲ್ಲುತ್ತಾನೆ. ಯಾರೋ ಕಾಲು ಹಿಡಿಯಲು ಬಂದರೆ ಆಶೀರ್ವಾದಕ್ಕೆ ಕೈ ಎತ್ತಬೇಕು, ಎತ್ತಿದರೆ ಕಲೆ ಕಾಣುತ್ತದೆ. ಎಡಗೈಯನ್ನು ಅಲ್ಲಿಗೆ ಸರಿಸಿ ಬಲಗೈ ಎತ್ತುವ ಆ ಅರ್ಧ ಕ್ಷಣದ ಲೆಕ್ಕಾಚಾರ ಅವನ ಕಣ್ಣಿನಲ್ಲಿ ಕಾಣಬೇಕು. ಪಾತ್ರಕ್ಕೆ ಏನು ಬೇಕು, ಅದು ಎಷ್ಟು ಗಂಭೀರವಾಗಿ ಬೇಕು ಎಂಬುದು ಕಂಡರೆ 25ರಲ್ಲಿ 20 ದಾಟಿಸಿ. ಕಳ್ಳನೋಟಕ್ಕೆ 10ರ ಕೆಳಗೆ. ಕ್ಯಾಮೆರಾಕ್ಕೇ ಮಾತಾಡುವುದು ಚಿತ್ರದ ಶೈಲಿಯಾಗಿದ್ದರೆ ಮಾತ್ರ ಬೇರೆ ಲೆಕ್ಕ.

ಕೇಳಿಸಿಕೊಳ್ಳುವುದಕ್ಕೆ 20 ಅಂಕ ಜಾಸ್ತಿಯಾಯಿತು ಎಂದು ಕೆಲವರು ವಾದಿಸುತ್ತಾರೆ. ಕಡಿಮೆ ಮಾಡಬೇಡಿ. ಜೋಡಿ ಹಾಸ್ಯದಲ್ಲಿ ಮಾತಾಡುವವನಿಗೆ ಚಪ್ಪಾಳೆ ಬೀಳುತ್ತದೆ, ನಗು ಹುಟ್ಟುವುದು ಎಷ್ಟೋ ಸಲ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕೇಳುತ್ತ ನಿಂತವನಿಂದ. ಎರಡನೇ ವೀಕ್ಷಣೆಯಲ್ಲಿ ಒಂದು ಇಡೀ ದೃಶ್ಯವನ್ನು ಸುಮ್ಮನಿರುವವನನ್ನೇ ನೋಡುತ್ತ ಕಳೆಯಿರಿ. ಮುಂದಿನ ಮಾತು ಏನೆಂದು ಅವನಿಗೆ ಗೊತ್ತಿರುವುದು ಮುಖದಲ್ಲಿ ತಿಳಿದುಬಿಟ್ಟರೆ ಅಂಕ ಕಳೆಯಿರಿ.

ಟೈಮಿಂಗ್ ಅಂದರೆ ವೇಗ ಅಲ್ಲ. ಮಾತಿಗೆ ಮೊದಲಿನ ತಡೆ, ಮಾತಿನ ಮೇಲಿನ ಮೌನ, ಎದುರಿನವನ ಮಾತು ಮುಗಿಯುವ ಮೊದಲೇ ನುಗ್ಗುವುದು, ಇವು ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತವೆಯೇ ನೋಡಿ. ಎಲ್ಲ ಮಾತಿಗೂ ಒಂದೇ ಅಳತೆಯ ತಡೆ ಕೊಡುವವನು ಅಭ್ಯಾಸದ ಮೇಲೆ ಓಡುತ್ತಿದ್ದಾನೆ. ಬೆಳವಣಿಗೆಯೂ ಹೀಗೆಯೇ: ಒಂದೇ ಪೇಚು ಮೂರು ಸಲ ಬಂದರೆ ಮೂರನೆಯದರಲ್ಲಿ ಮೊದಲ ಎರಡರ ಆಯಾಸ ಇರಬೇಕು. ದೇಹ, ದನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರಿಗೂ ಕಾಣುತ್ತದೆ.

ನಟನೆಯಂತೆ ಕಾಣುವ ಬೇರೆ ಸರಕು

ಮಿಮಿಕ್ರಿ ಮೊದಲನೆಯದು. ಸ್ಟಾರ್ ಒಬ್ಬರ ದನಿ ಕೇಳಿದಾಗ ಬರುವ ನಗು ಗುರುತು ಹಿಡಿದ ಖುಷಿಗೆ. ಪಾತ್ರಕ್ಕೆ ಆ ದನಿ ಬೇಕಿತ್ತೇ ಎಂದು ಕೇಳಿ, ಬೇಡವಾಗಿತ್ತಾದರೆ ಅಂಕವಿಲ್ಲ. ಕುಡುಕನ ಪಾತ್ರ ಎರಡನೆಯದು, ನಮ್ಮ ಜಿಲ್ಲೆಯ ಸ್ಪರ್ಧೆಗಳಿಗೆ ಇದು ಧಾರಾಳ. ತೂರಾಡುವುದು, ತೊದಲುವುದು ಸುಲಭ. ನಿಜವಾದ ಕುಡುಕ ತಾನು ಕುಡಿದಿಲ್ಲವೆಂದು ತೋರಿಸಲು ಹೆಣಗುತ್ತಾನೆ. ಆ ಹೆಣಗಾಟವನ್ನು ಆಡಿದವನಿಗೆ ಅಂಕ, ತೂರಾಟಕ್ಕೆ ಇಲ್ಲ.

ಭಾಷೆಯ ಅಣಕ ನಾಜೂಕಿನ ವಿಷಯ. ತೋಟದ ಕಾರ್ಮಿಕರ ಕನ್ನಡ, ಯರವರ, ಕುರುಬರ ಮಾತಿನ ಧಾಟಿ, ಮಲಯಾಳಿ ಉಚ್ಚಾರಣೆ ಎಂದರೆ ನಗು ಖಚಿತ ಎಂದು ಎಷ್ಟೋ ತಂಡಗಳು ನಂಬಿವೆ. ದೇವರಪುರದ ಕುಂಡೆ ಹಬ್ಬವನ್ನು ತೋರಿಸಿ, ವೇಷ ಹಾಕುವುದು, ಬಯ್ಯುವುದು ನಮ್ಮ ನೆಲದ ಸಂಪ್ರದಾಯ ಎನ್ನುವವರೂ ಇದ್ದಾರೆ. ಅಲ್ಲಿ ವೇಷ ಹಾಕಿ ಬಯ್ಯುವವರು ಯರವ, ಕುರುಬ ಸಮುದಾಯದವರೇ, ಬೈಸಿಕೊಳ್ಳುವವರು ದಾರಿಯಲ್ಲಿ ಸಿಕ್ಕ ಉಳಿದವರೆಲ್ಲ; ಕಿರುಚಿತ್ರದಲ್ಲಿ ಅದು ತಲೆಕೆಳಗಾಗಿರುತ್ತದೆ. ತೀರ್ಪುಗಾರರಿಗೆ ಉಪಯುಕ್ತ ಪರೀಕ್ಷೆ ಇಷ್ಟೇ: ಅದೇ ಮಾತನ್ನು ಸಾದಾ ಧಾಟಿಯಲ್ಲಿ ಹೇಳಿದರೆ ದೃಶ್ಯದಲ್ಲಿ ನಗು ಉಳಿಯುತ್ತದೆಯೇ? ಉಳಿಯದಿದ್ದರೆ ನಟ ಆಡಿದ್ದು ಪಾತ್ರವನ್ನಲ್ಲ, ಧಾಟಿಯನ್ನು.

ಕೂಡುವ ಲೆಕ್ಕ

ಅಂಕಗಳನ್ನು ಸುಮ್ಮನೆ ಕೂಡಬೇಡಿ. ಗಂಭೀರ ನಟನಿಗೆ ಮೂವರು ಕೊಟ್ಟದ್ದು 90, 70, 71 ಎಂದುಕೊಳ್ಳಿ. ಹಾಸ್ಯದ ನಟನಿಗೆ ಅದೇ ಮೂವರು 60, 74, 75. ಒಟ್ಟು 231ಕ್ಕೆ 209, ಗಂಭೀರ ನಟ ಗೆದ್ದ. ಆದರೆ ಮೂವರಲ್ಲಿ ಇಬ್ಬರು ಹಾಸ್ಯದವನನ್ನೇ ಮೇಲೆ ಇಟ್ಟಿದ್ದರು. ಹಾಸ್ಯವೆಂದರೆ ಅಷ್ಟಕ್ಕಷ್ಟೇ ಎನ್ನುವ ಒಬ್ಬರ 30 ಅಂಕದ ಅಂತರ ಅವರಿಬ್ಬರನ್ನೂ ನುಂಗಿತು. ಅದಕ್ಕೆ ಪ್ರತಿಯೊಬ್ಬರ ಅಂಕವನ್ನು ಮೊದಲು ಸ್ಥಾನಕ್ಕೆ ಇಳಿಸಿ: ಗಂಭೀರ ನಟನಿಗೆ 1, 2, 2, ಒಟ್ಟು 5, ಹಾಸ್ಯನಟನಿಗೆ 2, 1, 1, ಒಟ್ಟು 4. ಕಡಿಮೆ ಮೊತ್ತದವರು ಗೆದ್ದರು. ನೆಂಟಸ್ತಿಕೆಯಿಂದ ಯಾರಾದರೂ ಹಿಂದೆ ಸರಿದಿದ್ದರೆ ಮೊತ್ತದ ಬದಲು ಸರಾಸರಿ ಸ್ಥಾನ ತೆಗೆಯಿರಿ. ಸಮವಾದರೆ ಕತ್ತರಿ ಹಾಕದ ಟೇಕ್‌ಗಳನ್ನು ಒಟ್ಟಿಗೆ ನೋಡಿ ಕೈ ಎತ್ತಿ ಮತ ಹಾಕಬಹುದು. ಮೊದಲ ಸುತ್ತಿನ ಹಾಳೆಗಳನ್ನು ಮುಚ್ಚಿದ ಲಕೋಟೆಯಲ್ಲಿ ಸಂಗ್ರಹಿಸಿದ ಮೇಲೆಯೇ ಚರ್ಚೆ ಶುರುವಾಗಲಿ; ಹಿರಿಯ ತೀರ್ಪುಗಾರರು ಮೊದಲು ಬಾಯಿ ತೆರೆದರೆ ಕಿರಿಯರ ಅಂಕ ಅತ್ತ ವಾಲುತ್ತದೆ.

ವೇದಿಕೆಯಲ್ಲಿ ಓದಲು ನಾಲ್ಕು ಸಾಲಿನ ಕಾರಣ ಬರೆಯಿರಿ. ‘ಎಲ್ಲರನ್ನೂ ನಕ್ಕು ನಲಿಸಿದ್ದಕ್ಕಾಗಿ’ ಎಂದು ಬರೆದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ವ್ಯರ್ಥ. ಯಾವ ದೃಶ್ಯ, ಅಲ್ಲಿ ನಟ ಏನು ಮಾಡಿದ, ಏನು ಮಾಡದೆ ಉಳಿದ ಎಂದು ಬರೆಯಿರಿ. ಗೆದ್ದವನನ್ನು ಕರೆದಾಗ ‘ಒಂದು ಡೈಲಾಗ್ ಹೊಡೀರಿ’ ಎನ್ನಬೇಡಿ ಎಂದು ನಿರೂಪಕರಿಗೂ ಮೊದಲೇ ಹೇಳಿಟ್ಟಿರಿ. ಅತ್ತು ಗೆದ್ದವನನ್ನು ವೇದಿಕೆಯಲ್ಲಿ ಇನ್ನೊಮ್ಮೆ ಅಳಿ ಎಂದು ಯಾರೂ ಕೇಳುವುದಿಲ್ಲ.